ಆಟಕ್ಕುಂಟು, ಅರ್ಥಕ್ಕಿಲ್ಲ!

ಮೈಸೂರಿನ ನಮ್ಮ ಸೋದರಮಾವನ ಮನೆಯಲ್ಲಿ ಸ್ಕ್ರ್ಯಾಬಲ್ ಆಡುವುದೆಂದರೆ ಹುಡುಗಾಟವಲ್ಲ. ಊಟದ ಮೇಜಿನ ಮೇಲಿನ ಉಪ್ಪಿನಕಾಯಿ ಭರಣಿ ಪಕ್ಕಕ್ಕೆ ಸರಿಯುತ್ತದೆ. ಮಾವ ಕನ್ನಡಕ ಒರೆಸಿಕೊಂಡು ಕೂರುತ್ತಾರೆ. ಬೆನ್ನು ಬಿಚ್ಚಿಕೊಂಡ ಹಳೆಯ ಇಂಗ್ಲಿಷ್ ನಿಘಂಟೊಂದು ಅವರ ಎಡಗೈ ಪಕ್ಕ ಬಂದು ಆಸೀನವಾಗುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಮುದ್ರಿಸಿದ ನಿಯಮಗಳಿವೆಯಲ್ಲ, ಅದರ ಕೆಳಗೆ ಮಾವ ತಮ್ಮ ದುಂಡು ಅಕ್ಷರದಲ್ಲಿ ಇನ್ನೊಂದು ನಿಯಮ ಬರೆದು ಅಂಟಿಸಿದ್ದಾರೆ: 'ಅರ್ಥ ಹೇಳದಿದ್ದರೆ ಅಂಕವಿಲ್ಲ.'

ಕಳೆದ ದಸರಾ ರಜೆಯಲ್ಲಿ ಹದಿನಾಲ್ಕರ ನನ್ನ ಮಗ ಈ ನಿಯಮಕ್ಕೆ ಡಿಕ್ಕಿ ಹೊಡೆದ. ಮಣೆಯ ಮೇಲೆ ಆಗಲೇ ಇದ್ದ 'ಐ' ಅಕ್ಷರದ ಹಿಂದೆ, ಅಂಚಿನ ಕೆಂಪು ಮನೆಯಲ್ಲಿ 'ಕ್ಯೂ' ಇಟ್ಟು, "ಹನ್ನೊಂದು ಮೂರಲ ಮೂವತ್ಮೂರು" ಎಂದು ಘೋಷಿಸಿದ.

"ಕ್ಯೂ, ಐ? ಹಾಗಂದ್ರೆ?" ಎಂದರು ಮಾವ.

"ಗೊತ್ತಿಲ್ಲ ತಾತ. ಆದ್ರೆ ಪಟ್ಟಿಯಲ್ಲಿದೆ."

"ಮತದಾರರ ಪಟ್ಟಿಯಲ್ಲಿ ಸತ್ತೋರ ಹೆಸರೂ ಇರುತ್ತೆ. ಅರ್ಥ ಹೇಳಪ್ಪ."

ಮಗ ನನ್ನ ಮುಖ ನೋಡಿದ. ನಾನು ನಿಘಂಟಿನ ಮುಖ ನೋಡಿದೆ. ಅದು 1960ರ ದಶಕದ್ದು. ಅದರಲ್ಲಿ ಆ ಪದವೇ ಇರಲಿಲ್ಲ. ಮೂವತ್ತಮೂರು ಅಂಕ ಸೊನ್ನೆಯಾಯಿತು. ಹುಡುಗ ರಾತ್ರಿ ಊಟಕ್ಕೂ ಸರಿಯಾಗಿ ಏಳಲಿಲ್ಲ.

ನ್ಯಾಯವಾಗಿ ನೋಡಿದರೆ ಸರಿ ಅವನದೇ. ಸ್ಕ್ರ್ಯಾಬಲ್‌ನ ಅಧಿಕೃತ ನಿಯಮಗಳಲ್ಲಿ ಎಲ್ಲಿಯೂ ಅರ್ಥ ತಿಳಿದಿರಬೇಕೆಂದಿಲ್ಲ. ಪದ ಒಪ್ಪಿತ ಪಟ್ಟಿಯಲ್ಲಿದ್ದರೆ ಸಾಕು. ಎದುರಾಳಿ ಸವಾಲು ಹಾಕಬಹುದು, ಆದರೆ 'ಇದು ಪದವೇ?' ಎಂದು ಮಾತ್ರ, 'ಇದೇನು?' ಎಂದಲ್ಲ. ಹಾಗಿದ್ದರೂ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅರ್ಥ ಗೊತ್ತಿಲ್ಲದ ಪದ ನಿಜಕ್ಕೂ ನಮ್ಮ ಹತ್ತಿರ ಇದೆಯೇ? ಇದೆ ಎನ್ನುವುದಾದರೆ, ಏನಿದೆ?

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಅಡ್ಡಕ್ಕೆ 15, ಉದ್ದಕ್ಕೆ 15, ಒಟ್ಟು 225 ಮನೆಗಳ ಮಣೆ. ಚೀಲದಲ್ಲಿ 100 ಬಿಲ್ಲೆ. 98ರಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ, ಎರಡು ಖಾಲಿ. ಪ್ರತಿಯೊಬ್ಬರ ಮುಂದೆ ಏಳು ಬಿಲ್ಲೆ. ಅವನ್ನು ಜೋಡಿಸಿ ಮಣೆಯ ಮೇಲೆ ಪದಬಂಧದಂತೆ ಪದ ಹೆಣೆಯುತ್ತ ಹೋಗಬೇಕು. ಪದೇಪದೇ ಬರುವ 'ಇ', 'ಎ' ಅಕ್ಷರಗಳಿಗೆ ತಲಾ ಒಂದೇ ಅಂಕ. ಅಪರೂಪದ 'ಕ್ಯೂ' ಮತ್ತು 'ಝಡ್'ಗೆ ಹತ್ತು ಹತ್ತು. ಏಳೂ ಬಿಲ್ಲೆ ಒಂದೇ ಏಟಿಗೆ ಖಾಲಿ ಮಾಡಿದರೆ 50 ಅಂಕ ಬಕ್ಷೀಸು.

ಕೆಲಸ ಹೋದವನ ಆಟ

ಈ ಅಂಕಗಳ ಹಿಂದೊಂದು ಕಷ್ಟದ ಕಥೆಯಿದೆ. ಅಮೆರಿಕದ ಮಹಾ ಆರ್ಥಿಕ ಮುಗ್ಗಟ್ಟಿನಲ್ಲಿ ನ್ಯೂಯಾರ್ಕಿನ ವಾಸ್ತುಶಿಲ್ಪಿ ಆಲ್ಫ್ರೆಡ್ ಮೋಷರ್ ಬಟ್ಸ್ ಕೆಲಸ ಕಳೆದುಕೊಂಡ. ಅದು 1931. ಮನೆಯಲ್ಲಿ ಕೂತವನು ಒಂದು ಆಟ ಕಟ್ಟಲು ಹೊರಟ. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಪುಟ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಒಂದೊಂದಾಗಿ ಎಣಿಸಿದ. ಸುದ್ದಿ ಏನೆಂದು ನೋಡದೆ ಬರೀ ಅಕ್ಷರ ಎಣಿಸಿದ ಪತ್ರಿಕೆಯ ಓದುಗ ಬಹುಶಃ ಅವನೊಬ್ಬನೇ! ಆ ಲೆಕ್ಕದಂತೆ 'ಇ'ಗೆ 12 ಬಿಲ್ಲೆ, 'ಕ್ಯೂ'ಗೆ ಒಂದೇ ಒಂದು. 'ಎಸ್' ಅಕ್ಷರವನ್ನು ಮಾತ್ರ ಬೇಕೆಂದೇ ನಾಲ್ಕಕ್ಕೆ ಇಳಿಸಿದ. ಇಲ್ಲದಿದ್ದರೆ ಎಲ್ಲರೂ ಇನ್ನೊಬ್ಬರ ಪದಕ್ಕೆ ಅದನ್ನು ಅಂಟಿಸಿ ಬಹುವಚನ ಮಾಡಿ ಪುಕ್ಕಟೆ ಅಂಕ ಹೊಡೆದುಬಿಡುತ್ತಾರಲ್ಲ.

ವರ್ಷಗಟ್ಟಲೆ ಯಾವ ಕಂಪನಿಯೂ ಆಟವನ್ನು ಕೊಳ್ಳಲಿಲ್ಲ. 1948ರಲ್ಲಿ ಜೇಮ್ಸ್ ಬ್ರೂನೊ ಎಂಬಾತ ಹಕ್ಕು ಪಡೆದು 'ಸ್ಕ್ರ್ಯಾಬಲ್' ಎಂದು ಹೆಸರಿಟ್ಟ. 1949ರಲ್ಲಿ 2,400 ಪೆಟ್ಟಿಗೆ ಮಾರಿ 450 ಡಾಲರ್ ಕೈಯಿಂದ ಕಳೆದುಕೊಂಡ. 1952ರ ನಂತರ ಅದೃಷ್ಟ ಖುಲಾಯಿಸಿತು. ಬಟ್ಸ್ 1993ರವರೆಗೂ ಬದುಕಿದ್ದ. ಅವನಿಗೆ ಇಂಗ್ಲಿಷ್ ಕಾಗುಣಿತ ಅಷ್ಟಕ್ಕಷ್ಟೆ, ಹೆಂಡತಿಯೇ ಆಟದಲ್ಲಿ ಸೋಲಿಸುತ್ತಿದ್ದಳು ಎಂಬ ಮಾತು ನನಗೆ ತುಂಬ ಹಿತವಾಗಿ ಕೇಳಿಸುತ್ತದೆ.

(ಬಟ್ಸ್ ಏನಾದರೂ ಕನ್ನಡಿಗನಾಗಿದ್ದಿದ್ದರೆ? ಕ-ಕಾ-ಕಿ-ಕೀ ಎಂದು ಬಳ್ಳಿಯುದ್ದಕ್ಕೂ ಬಿಲ್ಲೆ ಕೊರೆದು, ಮೇಲೆ ಒತ್ತಕ್ಷರಕ್ಕೆ ಬೇರೆ ಲೆಕ್ಕ ಇಟ್ಟು, ಚೀಲದ ಬದಲು ಗೋಣಿಚೀಲ ಹೊಲಿಯಬೇಕಾಗುತ್ತಿತ್ತು.)

ಎರಡಕ್ಷರದ ಘಟಾನುಘಟಿಗಳು

ಪಂದ್ಯಾವಳಿ ಆಡುವವರು ಮೊದಲು ಬಾಯಿಪಾಠ ಮಾಡುವುದು ಎರಡಕ್ಷರದ ಪದಗಳನ್ನು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಒಟ್ಟು ಸುಮಾರು 2 ಲಕ್ಷ 80 ಸಾವಿರ ಪದಗಳಿದ್ದು, ಅವುಗಳಲ್ಲಿ ಎರಡಕ್ಷರದವು ನೂರಿಪ್ಪತ್ತಕ್ಕೂ ಹೆಚ್ಚು. ಇಕ್ಕಟ್ಟಿನ ಜಾಗದಲ್ಲಿ ಎರಡು ಪದಗಳನ್ನು ಬೆಸೆಯುವ ಗಾರೆ ಇದೇ.

ನನ್ನ ಮಗನನ್ನು ಅಳಿಸಿದ 'ಕ್ಯೂ-ಐ'ಯನ್ನೇ ತೆಗೆದುಕೊಳ್ಳಿ. ಉಚ್ಚಾರ 'ಚೀ'. ಚೀನೀಯರ ಪ್ರಕಾರ ದೇಹದಲ್ಲೂ ಜಗತ್ತಿನಲ್ಲೂ ಹರಿಯುವ ಜೀವಶಕ್ತಿ. ನಮ್ಮ 'ಪ್ರಾಣ' ಎನ್ನಿ. ಆ 'ಪ್ರಾಣ'ವೂ ಇಂಗ್ಲಿಷ್ ಪಟ್ಟಿಯಲ್ಲಿದೆ. ಆದರೆ ಅದಕ್ಕೆ ಸಿಗುವುದು ಏಳೇ ಅಂಕ, ಚೀನಿ ಪ್ರಾಣಕ್ಕೆ ಹನ್ನೊಂದು. 2006ರಲ್ಲಿ ಅಮೆರಿಕದ ಪಟ್ಟಿಗೆ ಸೇರಿದಂದಿನಿಂದ ಆಟದ ಚಹರೆಯನ್ನೇ ಇದು ಬದಲಿಸಿತು. ಅಲ್ಲಿಯವರೆಗೆ 'ಯು' ಇಲ್ಲದೆ ಕೈಗೆ ಬಂದ 'ಕ್ಯೂ' ಶನಿಯಂತೆ ಹೆಗಲೇರಿ ಕೂರುತ್ತಿತ್ತು. ಅದೇ ವರ್ಷ, ಅದೇ ಪಟ್ಟಿಗೆ 'ಝಡ್-ಎ' ಕೂಡ ಬಂತು. 'ಝಾ' ಎಂದರೆ ಪಿಜ್ಜಾ! ಅಮೆರಿಕದ ಕಾಲೇಜು ಹುಡುಗರು ಪಿಜ್ಜಾದ ತಲೆ ಕಡಿದು ಬಾಲ ಉಳಿಸಿಕೊಂಡರು. ಇದೂ ಒಂದು ಪದವೇ ಎಂದು ಹಳಬರು ಮೂಗು ಮುರಿದರು; ಕೈಗೆ 'ಝಡ್' ಬಂದಾಗ ಸದ್ದಿಲ್ಲದೆ ಬಳಸಿದರು.

'ಎ-ಎ' ಎಂದರೆ ಹವಾಯಿ ದ್ವೀಪದ ಒರಟು ಲಾವಾ. ಜ್ವಾಲಾಮುಖಿ ಉಗುಳಿದ ಬೆಂಕಿಯ ಕೆಸರು ತಣಿದಾಗ ಕೆಲವೆಡೆ ಹಗ್ಗ ಸುರುಳಿ ಸುತ್ತಿದಂತೆ ನುಣ್ಣಗೆ ನಿಲ್ಲುತ್ತದೆ, ಕೆಲವೆಡೆ ಚೂಪು ಚೂಪಾಗಿ ಒಡೆದು ನಿಲ್ಲುತ್ತದೆ. ಚೂಪಾದದ್ದು 'ಆ-ಆ'. ಬರಿಗಾಲಲ್ಲಿ ಅದರ ಮೇಲೆ ನಡೆದವನ ಬಾಯಿಂದ ಬರುವ ಸದ್ದು ಎಂದುಕೊಂಡರೆ ಮರೆಯುವುದಿಲ್ಲ.

'ಎ-ಐ' ಎಂದೊಡನೆ ಇಂದು ಯಾರಿಗಾದರೂ ನೆನಪಾಗುವುದು ಕೃತಕ ಬುದ್ಧಿಮತ್ತೆ. ಸ್ಕ್ರ್ಯಾಬಲ್ ಮಣೆಯ ಮೇಲೆ ಅದು ದಕ್ಷಿಣ ಅಮೆರಿಕದ ಕಾಡಿನಲ್ಲಿ ಮರಕ್ಕೆ ತಲೆಕೆಳಗಾಗಿ ಜೋತುಬಿದ್ದಿರುವ ಮೂರು ಬೆರಳಿನ ಸ್ಲಾತ್ ಎಂಬ ಮಹಾ ಸೋಮಾರಿ ಪ್ರಾಣಿ. ಅದರ ಕೂಗೇ ಅದರ ಹೆಸರಾಯಿತಂತೆ. ಜಗತ್ತಿನ ಕೆಲಸವನ್ನೆಲ್ಲ ಕ್ಷಣದಲ್ಲಿ ಮಾಡಿ ಮುಗಿಸುತ್ತೇನೆ ಎನ್ನುವ ಯಂತ್ರಕ್ಕೂ, ವಾರಕ್ಕೊಮ್ಮೆ ಮರದಿಂದ ಇಳಿಯುವ ಈ ಜೀವಕ್ಕೂ ಒಂದೇ ಜೋಡಿ ಅಕ್ಷರ!

'ಝಡ್-ಒ' ಇದ್ದಾನೆ. ಝೋ. ತಂದೆ ಯಾಕ್, ತಾಯಿ ಹಸು ಅಥವಾ ಅದರ ತಿರುವುಮುರುವು. ಲಡಾಖ್, ಟಿಬೆಟ್, ನೇಪಾಳದ ಎತ್ತರದಲ್ಲಿ ಹೊರೆ ಹೊರುವ, ಹೊಲ ಉಳುವ ಗಟ್ಟಿ ಮಿಶ್ರತಳಿ. ಗಂಡಿಗೆ ಸಂತಾನವಿಲ್ಲ. ಪಾಪ, ಆ ಕೊರತೆಯನ್ನು ಇಂಗ್ಲಿಷಿನವರು ಕಾಗುಣಿತದಲ್ಲಿ ತುಂಬಿಕೊಟ್ಟಿದ್ದಾರೆ: ಮೊದಲು 'ಡಿ' ಸೇರಿಸಿ ಬರೆದರೂ ಸರಿ, ನಡುವೆ 'ಎಚ್' ಇಟ್ಟರೂ ಸರಿ, 'ಡಿ-ಎಸ್-ಒ' ಎಂದರೂ ಸರಿ. ಒಂದೇ ಪ್ರಾಣಿಗೆ ನಾಲ್ಕು ವೇಷ.

ಸ್ವರವಿಲ್ಲದ ಪರ್ವತ, ವ್ಯಂಜನವಿಲ್ಲದ ಪ್ರಾರ್ಥನೆ

'ಸಿ, ಡಬ್ಲ್ಯು, ಎಂ'. ಈ ಮೂರು ಬಿಲ್ಲೆ ಕೈಯಲ್ಲಿದ್ದರೆ ಸಾಮಾನ್ಯ ಆಟಗಾರ ಹಣೆ ಚಚ್ಚಿಕೊಳ್ಳುತ್ತಾನೆ, ಒಂದೂ ಸ್ವರವಿಲ್ಲವಲ್ಲ! ಬಲ್ಲವನು ಹಾಗೇ ಇಡುತ್ತಾನೆ. ಉಚ್ಚಾರ 'ಕೂಮ್'. ವೇಲ್ಸ್ ನಾಡಿನ ಭಾಷೆಯಲ್ಲಿ 'ಡಬ್ಲ್ಯು' ನಮ್ಮ 'ಉ'ಕಾರದ ಕೆಲಸ ಮಾಡುತ್ತದೆ. ಬೆಟ್ಟದ ಪಕ್ಕೆಯಲ್ಲಿ ಹಿಮನದಿ ಕೊರೆದ ಬಟ್ಟಲಿನಂಥ ಕಣಿವೆ ಎಂದರ್ಥ. ಎವರೆಸ್ಟ್ ಹತ್ತುವವರು ಖುಂಬು ಹಿಮಪಾತ ದಾಟಿದ ಮೇಲೆ ಹೊಗುವ ದೊಡ್ಡ ಹಿಮಕಣಿವೆಗೆ 'ವೆಸ್ಟರ್ನ್ ಕೂಮ್' ಎಂದು ಹೆಸರು. ಇಟ್ಟವನು ಜಾರ್ಜ್ ಮ್ಯಾಲರಿ, 1921ರಲ್ಲಿ. ಮೂರು ವರ್ಷಗಳ ನಂತರ ಅದೇ ಪರ್ವತದಲ್ಲಿ ಆತ ಕಣ್ಮರೆಯಾದ. ತೇನ್‌ಸಿಂಗ್ ಮತ್ತು ಹಿಲರಿ 1953ರಲ್ಲಿ ಶಿಖರಕ್ಕೆ ಹೋದದ್ದು ಈ ಕಣಿವೆಯ ಮೂಲಕವೇ. ಹತ್ತು ಅಂಕದ ಪದದೊಳಗೆ ಇಷ್ಟೆಲ್ಲ ಹಿಮ.

ಇದಕ್ಕೆ ತದ್ವಿರುದ್ಧ ಇನ್ನೊಂದು. 'ಇ, ಯು, ಒ, ಯು, ಎ, ಇ' - ಆರಕ್ಕೆ ಆರೂ ಸ್ವರ. ಲ್ಯಾಟಿನ್ ಪ್ರಾರ್ಥನೆಯೊಂದರ ಕೊನೆಗೆ ಬರುವ 'ಸೆಕುಲೋರುಮ್ ಆಮೆನ್' ಎಂಬ ಮಾತಿದೆ. ಅದರಿಂದ ವ್ಯಂಜನಗಳನ್ನು ಹಿಂಡಿ ತೆಗೆದರೆ ಉಳಿಯುವ ಸ್ವರಗಳು ಇವು. ಮಧ್ಯಯುಗದ ಹಾಡುಗಾರರು ಯಾವ ಸ್ವರವನ್ನು ಹೇಗೆ ಎಳೆಯಬೇಕೆಂಬ ಗುರುತಿಗಾಗಿ ಹಸ್ತಪ್ರತಿಯಲ್ಲಿ ಹೀಗೆ ಬರೆದಿಟ್ಟುಕೊಂಡರು. ಅಂದರೆ ಹುಟ್ಟಿನಿಂದಲೇ ಸ್ವಂತ ಅರ್ಥವಿಲ್ಲದ, ಬರೀ ನೆನಪಿನ ಗಂಟಾದ ಪದ. ಇದಕ್ಕೆ ಅರ್ಥ ಕೇಳಿದರೆ ನಮ್ಮ ಮಾವ ಏನು ತೀರ್ಪು ಕೊಡುತ್ತಾರೋ ನೋಡಬೇಕು.

'ಕ್ಯೂ' ಪಕ್ಕ 'ಯು' ಬೇಡವೆನ್ನುವ ಪದಗಳಲ್ಲಿ ನನಗೆ ತೀರ ಇಷ್ಟವಾದದ್ದು 'ಕನಾತ್': ಕ್ಯೂ, ಎ, ಎನ್, ಎ, ಟಿ. ಪರ್ಷಿಯಾದ ಮರುಭೂಮಿಯಲ್ಲಿ ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗಿನ ಸುರಂಗದಲ್ಲಿ, ಬಿಸಿಲಿಗೆ ಆರಿಹೋಗದಂತೆ, ಮೈಲಿಗಟ್ಟಲೆ ದೂರದ ಊರಿಗೆ ಇಳಿಜಾರಿನಲ್ಲೇ ಹರಿಸಿ ತರುವ ವ್ಯವಸ್ಥೆ. ಪಂಪಿಲ್ಲ, ರಾಟೆಯಿಲ್ಲ. ಸುರಂಗ ತೋಡುವವರಿಗೆ ಗಾಳಿ ಬೆಳಕಿಗೆಂದು ಅಲ್ಲಲ್ಲಿ ಬಾವಿಯಂಥ ಕಂಡಿಗಳು. ಇಷ್ಟು ಓದಿದ ಬೀದರಿನವರು "ಇದು ನಮ್ಮೂರಿನದಲ್ಲವೇ" ಎನ್ನುತ್ತಾರೆ. ಹೌದು, ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿಗೆ ಬಂದ 'ಕರೇಜ್' ಇದರದೇ ವಂಶ. ನೌಬಾದಿನ ಬಳಿ ಆ ಸುರಂಗ ಬಾವಿಗಳು ಈಗಲೂ ಇವೆ. ಹದಿನಾಲ್ಕು ಅಂಕಕ್ಕೆಂದು ಈ ಪದವನ್ನು ಉರು ಹೊಡೆದವರಲ್ಲಿ ಎಷ್ಟು ಮಂದಿ ಅದರೊಳಗೆ ನೀರಿನ ಸದ್ದು ಕೇಳಿಸಿಕೊಂಡಿದ್ದಾರೆ?

ಗಿಳಿಪಾಠದ ಚಕ್ರವರ್ತಿ

ಕೇಳಿಸಿಕೊಳ್ಳಲೇಬೇಕಿಲ್ಲ ಎಂದು ತೋರಿಸಿಕೊಟ್ಟವನು ನೈಜಲ್ ರಿಚರ್ಡ್ಸ್. ನ್ಯೂಜಿಲೆಂಡಿನವನು, ನೆಲೆಸಿದ್ದು ಮಲೇಷ್ಯಾದಲ್ಲಿ. ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ ಐದು ಸಲ ವಿಶ್ವ ಚಾಂಪಿಯನ್. 2015ರಲ್ಲಿ ಆತ ಬೆಲ್ಜಿಯಂಗೆ ಹೋಗಿ ಫ್ರೆಂಚ್ ಭಾಷೆಯ ವಿಶ್ವ ಸ್ಪರ್ಧೆಗೆ ಕೂತ. ಫ್ರೆಂಚ್‌ನಲ್ಲಿ ಮಾತುಕತೆ ಬಾರದು. ಫ್ರೆಂಚ್ ಪದಕೋಶವನ್ನು ಒಂಬತ್ತು ವಾರ ಓದಿದ್ದನಂತೆ. ಗೆದ್ದ! ಫೈನಲ್‌ನಲ್ಲಿ ಸೋತದ್ದು ಫ್ರೆಂಚ್ ಮಾತಾಡುವ ಗ್ಯಾಬನ್ ದೇಶದ ಆಟಗಾರ. 2018ರಲ್ಲಿ ಮತ್ತೊಮ್ಮೆ ಗೆದ್ದ. 2024ರಲ್ಲಿ ಸ್ಪೇನಿನ ಗ್ರನಾಡಾಕ್ಕೆ ಹೋಗಿ ಸ್ಪ್ಯಾನಿಷ್ ವಿಶ್ವ ಪ್ರಶಸ್ತಿಯನ್ನೂ ಎತ್ತಿಕೊಂಡು ಬಂದ. 24 ಆಟಗಳಲ್ಲಿ ಸೋತದ್ದು ಒಂದೇ. ಸ್ಪ್ಯಾನಿಷ್ ಕೂಡ ಆತನಿಗೆ ಬಾರದು.

"ಇದು ಗಿಳಿಪಾಠ" ಎಂದು ಮಾವ ತಳ್ಳಿಹಾಕಿದರು. ನನಗೆ ಅಷ್ಟು ಸುಲಭವಾಗಿ ತಳ್ಳಿಹಾಕಲಾಗುವುದಿಲ್ಲ. ನಮ್ಮಲ್ಲೂ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರಲ್ಲ. ಆದರೆ ಅಲ್ಲಿ ಪದಗಳು ಅರ್ಥದ ಬಂಧುಬಳಗದೊಂದಿಗೆ ಕೂತಿವೆ. ನೀರಿನ ಹೆಸರುಗಳೆಲ್ಲ ಒಂದು ಪಂಕ್ತಿ, ಬೆಂಕಿಯ ಹೆಸರುಗಳೆಲ್ಲ ಇನ್ನೊಂದು ಪಂಕ್ತಿ. ಸ್ಕ್ರ್ಯಾಬಲ್ ಆಟಗಾರ ಅದೇ ಪದಗಳನ್ನು ಎಬ್ಬಿಸಿ, ಅಕ್ಷರ ಕಲಸಿ, ಬೇರೆಯೇ ಪಂಕ್ತಿಯಲ್ಲಿ ಕೂರಿಸುತ್ತಾನೆ. ಅಲ್ಲಿ ನೀರಿನ ಪಕ್ಕದಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲದ ಪದ ಬಂದು ಕೂರಬಹುದು. ಅದೂ ಒಂದು ವಿದ್ಯೆ. ಭಾಷೆಯ ವಿದ್ಯೆ ಮಾತ್ರ ಅಲ್ಲ, ಗಣಿತದ್ದು.

ಅರ್ಥ ಬೇಡವೆಂಬ ವಾದ ಒಂದು ಸಲ ಪುಸ್ತಕವನ್ನೇ ಇಬ್ಭಾಗ ಮಾಡಿತು. 1993ರಲ್ಲಿ ಅಮೆರಿಕದ ಸ್ಕ್ರ್ಯಾಬಲ್ ನಿಘಂಟಿನಲ್ಲಿ ಯಹೂದಿಗಳನ್ನು ಹೀಗಳೆಯುವ ಪದವಿದೆಯೆಂದು ಮಹಿಳೆಯೊಬ್ಬರು ದೂರೆತ್ತಿದರು. ಜನಾಂಗ, ಬಣ್ಣ, ಧರ್ಮ ಹಿಡಿದು ಬೈಯುವ ಇಂಥ ಪದಗಳು ಹುಡುಕುತ್ತ ಹೋದರೆ ನೂರಕ್ಕೂ ಹೆಚ್ಚು ಸಿಕ್ಕವು. ಕಂಪನಿ ಎಲ್ಲವನ್ನೂ ಕಿತ್ತುಹಾಕುತ್ತೇನೆಂದಿತು. ಆಟಗಾರರು ಸಿಡಿದೆದ್ದರು: "ಮಣೆಯ ಮೇಲೆ ಅವು ಬೈಗುಳವಲ್ಲ, ಬರೀ ಅಂಕ!" ಕಡೆಗೆ ರಾಜಿಯಾಯಿತು. ಮನೆ, ಶಾಲೆಗಳಿಗೆ ಶುದ್ಧೀಕರಿಸಿದ ನಿಘಂಟು. ಪಂದ್ಯಾವಳಿಗಳಿಗೆ ಎಲ್ಲ ಪದಗಳೂ ಇರುವ ಬೇರೆ ಪುಸ್ತಕ. ಆದರೆ ಅದರಲ್ಲಿ ಯಾವ ಪದಕ್ಕೂ ಅರ್ಥ ಕೊಡುವುದಿಲ್ಲ! ಪುಟ ಪುಟ ತಿರುವಿದರೂ ಬರೀ ಪದ, ಪದ, ಪದ. ಅರ್ಥ ತೆಗೆದರೆ ವಿಷವೂ ಹೋಯಿತು ಎಂದು ಲೆಕ್ಕ.

ಹೋಗಲಿಲ್ಲ ಎಂಬುದು ಕಾಲು ಶತಮಾನದ ನಂತರ ಗೊತ್ತಾಯಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಎದ್ದ ಅಲೆಯಲ್ಲಿ ಅಮೆರಿಕದ ಆಟಗಾರರ ಸಂಘವೇ ಆ ನಿಂದೆಯ ಪದಗಳನ್ನು ಪಂದ್ಯಾವಳಿಯಿಂದ ಹೊರಗಟ್ಟಿತು. ಮರುವರ್ಷ ಅಂತರರಾಷ್ಟ್ರೀಯ ಪಟ್ಟಿಯಿಂದ ಸುಮಾರು 400 ಪದ ಹೋದವು. ಕೆಲವು ಹಿರಿಯ ಆಟಗಾರರು ಮುನಿಸಿಕೊಂಡರು. ನನಗೆ ಅವರ ತರ್ಕ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಜಾತಿ ಹೆಸರು ಹಿಡಿದು ಕೂಗಿಸಿಕೊಂಡವನ ಎದುರು ಆ ಪದವನ್ನು ಜೋಡಿಸಿಟ್ಟು "ಇದು ಬರೀ ಮೂವತ್ತು ಅಂಕ ಕಣಯ್ಯ" ಎನ್ನಲು ನಮ್ಮೂರಿನಲ್ಲಾದರೆ ನಾಲಗೆ ಏಳುತ್ತದೆಯೇ?

ರಾಗಿಗೆ ಐದು

ಈ ಪಟ್ಟಿಯನ್ನು ತಿರುವುವ ಕನ್ನಡಿಗನಿಗೆ ಜಾತ್ರೆಯಲ್ಲಿ ಊರಿನವರು ಸಿಕ್ಕಂತೆ ಆಗುತ್ತದೆ. ರಾಗಿ ಇದೆ. ಜೋಳ 'ಜೋವರ್' ಎಂದು ಉತ್ತರದ ವೇಷದಲ್ಲಿದೆ. ಇಡ್ಲಿ, ದೋಸೆ ಇವೆ. ಲಾಖ್ ಇದೆ, ತಾಲ್ಲೂಕು ಇದೆ, ಬಂದ್ ಇದೆ, ಧರಣಿ ಇದೆ. ಘೇರಾವ್ ಇದೆ, 1960ರ ದಶಕದಲ್ಲಿ ಬಂಗಾಳದ ಕಾರ್ಮಿಕರು ಮಾಲೀಕರನ್ನು ಸುತ್ತುಗಟ್ಟಿದ್ದು ಇಂಗ್ಲಿಷಿನಲ್ಲಿ ಕ್ರಿಯಾಪದವೇ ಆಗಿ, ಕೊನೆಗೆ 'ಇ-ಡಿ' ಅಂಟಿಸಿಕೊಂಡು ಭೂತಕಾಲಕ್ಕೂ ಸಂದಿದೆ. ನಮ್ಮ ಬಂಡೀಪುರ, ನಾಗರಹೊಳೆಯ ಸೀಳುನಾಯಿ 'ಧೋಲ್' ಎಂದಿದೆ. ಕೃಪಾಕರ-ಸೇನಾನಿ ವರ್ಷಗಟ್ಟಲೆ ಹಿಂದೆ ಬಿದ್ದು ಚಿತ್ರೀಕರಿಸಿದರಲ್ಲ, ಅದೇ ನಾಯಿ. ಕನ್ನಡದ 'ತೋಳ'ವೇ ಆ ಹೆಸರಿನ ಮೂಲ ಎನ್ನುವವರೂ ಉಂಟು. 'ಸಾಂಬಾರ್' ಎಂದು ಬಿಲ್ಲೆ ಜೋಡಿಸುವಾಗ ಮಾತ್ರ ಹುಷಾರು, ಇಂಗ್ಲಿಷಿಗೆ ಆ ಪದ ಮೊದಲು ಹೋದದ್ದು ಹುಳಿಯಾಗಿ ಅಲ್ಲ, ಕಡವೆಯಾಗಿ.

ಅಂಕದ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ರಾಗಿಗೂ ಇಡ್ಲಿಗೂ ದೋಸೆಗೂ ತಲಾ ಐದು. ಪಿಜ್ಜಾದ ಬಾಲಕ್ಕೆ ಹನ್ನೊಂದು!

'ಖೆಡ್ಡಾ' ಕೂಡ ಇದೆ. ಇಂಗ್ಲಿಷಿನಲ್ಲಿ ಕೆ, ಎಚ್, ಇ, ಡಿ, ಎ. ರಜೆಯ ಕೊನೆಯ ಸಂಜೆಯ ಆಟದಲ್ಲಿ ಮಾವ ಆ ಐದು ಬಿಲ್ಲೆಗಳನ್ನು ಎರಡು ಪಟ್ಟಿನ ಮನೆಯ ಮೇಲೆ ಹಾಯುವಂತೆ ಇಟ್ಟು, "ಇಪ್ಪತ್ತಾರು" ಎಂದರು. ಮಗ ಇದಕ್ಕೇ ಕಾಯುತ್ತಿದ್ದವನಂತೆ ತೋಳು ಕಟ್ಟಿಕೊಂಡು ಕೂತ.

"ಅರ್ಥ ಹೇಳಿ ತಾತ. ಇಲ್ದಿದ್ರೆ ಅಂಕ ಇಲ್ಲ."

"ಆನೆ ಹಿಡಿಯೋ ಬೇಲಿ ಕಣೋ" ಎಂದರು ಮಾವ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮೈಸೂರು ಸೀಮೆಯಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1874ರಲ್ಲಿ ಖೆಡ್ಡಾ ಶುರು ಮಾಡಿದ್ದು, ಕಾಕನಕೋಟೆಗೆ ದೇಶ ವಿದೇಶದ ಗಣ್ಯರು ಬಂದು ಅಟ್ಟಣೆಯಲ್ಲಿ ಕೂರುತ್ತಿದ್ದದ್ದು, ಎಲ್ಲ ಬಂತು. ಆಮೇಲೆ ಅವರ ದನಿ ಇಳಿಯಿತು. ಹುಡುಗನಾಗಿದ್ದಾಗ ತಂದೆಯ ಹೆಗಲ ಮೇಲೆ ಕೂತು ಕಂಡದ್ದು. ತಮಟೆ, ಪಂಜು, ನೂರಾರು ಜನರ ಕೂಗು. ಕಾಡಿನಿಂದ ಹೊರಬಿದ್ದ ಹಿಂಡು ಕಬಿನಿ ನದಿಗೆ ಇಳಿದದ್ದು. ನೀರಿನಲ್ಲಿ ದೊಡ್ಡ ಆನೆಗಳ ನಡುವೆ ಒಂದು ಮರಿ, ಬರೀ ಸೊಂಡಿಲು ಮಾತ್ರ ಮೇಲೆ. ಆ ದಡದಲ್ಲಿ ದಿಮ್ಮಿಗಳ ಬಾಗಿಲು ಬಿದ್ದಾಗ ಬಂದ ಸದ್ದು. ರಾತ್ರಿಯಿಡೀ ಒಳಗಿನಿಂದ ಕೇಳಿಬರುತ್ತಿದ್ದ ಘೀಳು. ಕೊನೆಯ ಖೆಡ್ಡಾ ಆದದ್ದು 1971ರಲ್ಲಿ. ಆಮೇಲೆ ಕಬಿನಿಗೆ ಅಣೆಕಟ್ಟು ಬಂತು, ಆ ಜಾಗವೇ ನೀರಿನಡಿ ಹೋಯಿತು.

"ಆ ಮರಿ ಏನಾಯ್ತು ತಾತ?" ಎಂದ ಮಗ.

ಮಾವ ಚೀಲದೊಳಗೆ ಕೈ ಹಾಕಿ ಬಿಲ್ಲೆ ಹುಡುಕುತ್ತ ಬಹಳ ಹೊತ್ತು ಸುಮ್ಮನಿದ್ದರು. ಒಂಬತ್ತೂವರೆಗೆ ಅತ್ತೆ ಬಂದು ತಟ್ಟೆ ಹಾಕಬೇಕು, ಮಣೆ ಎತ್ತಿ ಎಂದಾಗ ಮಗನ ಸರದಿ ಇನ್ನೂ ಹಾಗೇ ಇತ್ತು. ಅಂಕದ ಚೀಟಿಯಲ್ಲಿ ಮಾವನ ಹೆಸರಿನ ಕೆಳಗೆ 26 ಎಂದು ಅವನೇ ಬರೆದಿದ್ದ.